ಹೆಸರು ಯಾರದು, ಬೆವರು ಯಾರದು?

ಹೆಸರಿನ ಜಗಳ ಅಂದರೆ ನಮ್ಮ ಬುದ್ಧಿಜೀವಿಗಳಿಗೆ ಒಂದು ತಾತ್ಸಾರ. 'ಕೆಲಸ ಆದರೆ ಸಾಕು, ಹೆಸರು ಯಾರದಾದರೇನು' ಅಂತ ದೊಡ್ಡ ಮಾತು ಆಡುತ್ತಾರೆ. ಹೀಗೆ ಹೇಳುವವರನ್ನು ಒಮ್ಮೆ ತಿರುಗಿ ನೋಡಬೇಕು. ಅವರ ಹೆಸರು ಆಗಲೇ ಎಲ್ಲೋ ಒಂದು ಕಡೆ ಕೆತ್ತಿ ಆಗಿರುತ್ತದೆ. ಗುಡಿಯ ಬಾಗಿಲ ಪಕ್ಕದ ಕಲ್ಲಿನಲ್ಲಿ ದಾನ ಕೊಟ್ಟ ಧಣಿಯ ಹೆಸರಿದೆ, ಶಾಲೆಯ ಗೋಡೆಯ ಮೇಲೆ ಅಡಿಗಲ್ಲು ಹಾಕಿದ ಮಂತ್ರಿಯ ಹೆಸರಿದೆ. ಕಲ್ಲು ಒಡೆದವನ ಹೆಸರು, ಗಾರೆ ಹೊತ್ತವಳ ಹೆಸರು ಹುಡುಕಿದರೂ ಸಿಗುವುದಿಲ್ಲ. ಹೆಸರು ಬೇಡ ಅನ್ನುವ ವೈರಾಗ್ಯ ಹೆಸರಿದ್ದವರು ಮಾಡಬಹುದಾದ ಶೋಕಿ.

ಕಂಪ್ಯೂಟರ್ ಲೋಕದಲ್ಲಿ ಮೂವತ್ತು ವರ್ಷಗಳಿಂದ ನಡೆದಿರುವ ಒಂದು ಜಗಳವನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆಂದು ನಮಗನ್ನಿಸುತ್ತದೆ. ಓಪನ್ ಸೋರ್ಸ್ ಎಂದು ಕರೆಯುವ ತಂತ್ರಾಂಶಗಳ ಹೆಸರಿನ ಜಗಳ ಅದು. ತಂತ್ರಾಂಶ ಅಂದರೆ ಏನು? ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವ ಬರಹ, ಅಷ್ಟೆ. ದೊಡ್ಡ ಕಂಪನಿಗಳು ಈ ಬರಹವನ್ನು ಮುಚ್ಚಿಟ್ಟು ಮಾರುತ್ತವೆ. ಓಪನ್ ಸೋರ್ಸ್‌ನಲ್ಲಿ ಅದು ತೆರೆದಿರುತ್ತದೆ; ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ, ಇಂಟರ್ನೆಟ್ಟನ್ನು ನಡೆಸುವ ಯಂತ್ರಗಳ ಒಳಗೆ ಓಡುತ್ತಿರುವುದು ಹೀಗೆ ಸಾವಿರಾರು ಕೈ ಸೇರಿ ಬರೆದದ್ದು. ಸಾವಿರಾರು ಕೈ ಸೇರಿ ಮಾಡಿದ್ದಕ್ಕೆ ಯಾರ ಹೆಸರು ಇಡಬೇಕು? ಇದನ್ನು ಇಂಜಿನಿಯರುಗಳ ಪಾಡಿಗೆ ಬಿಟ್ಟು ಸುಮ್ಮನಿರಲು ನಮಗೆ ಸಾಧ್ಯವಿಲ್ಲ.

ಮೊದಲು ಚರಿತ್ರೆ. 1983ರ ಸೆಪ್ಟೆಂಬರ್ 27ರಂದು ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಒಂದು ಘೋಷಣೆ ಮಾಡಿದ. ಬೀಗ ಹಾಕಿದ ತಂತ್ರಾಂಶಗಳ ಬದಲು, ಎಲ್ಲರೂ ಬಳಸಿ ತಿದ್ದಿ ಹಂಚಿಕೊಳ್ಳಬಹುದಾದ ಒಂದು ಪೂರ್ತಿ ವ್ಯವಸ್ಥೆಯನ್ನು ಕಟ್ಟುತ್ತೇನೆ ಎಂದ. ಅದಕ್ಕೆ ಗ್ನೂ ಎಂದು ಹೆಸರಿಟ್ಟ. 1984ರ ಜನವರಿಯಲ್ಲಿ ಕೆಲಸ ಬಿಟ್ಟು ಇದಕ್ಕೇ ನಿಂತ. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಹುಟ್ಟಿತು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬಂತು. ಅದರ ತಿರುಳು ಇಷ್ಟೆ: ಈ ಬರಹವನ್ನು ತಗೋ, ತಿದ್ದು, ಬೇಕಾದರೆ ಮಾರು, ಆದರೆ ನಿನಗೆ ಸಿಕ್ಕ ಹಕ್ಕನ್ನು ನಿನ್ನಿಂದ ಪಡೆಯುವವನಿಗೂ ಕೊಡಲೇಬೇಕು. ಹತ್ತು ವರ್ಷ ಹತ್ತಿರವಾಗುವ ಹೊತ್ತಿಗೆ ಮನೆ ಬಹುಪಾಲು ಎದ್ದಿತ್ತು. ಗೋಡೆ ಇತ್ತು, ಮಾಡು ಇತ್ತು, ಒಲೆ ಇತ್ತು. ಕರ್ನಲ್ ಎನ್ನುವ ನಡುಗಂಬ ಒಂದು ಮಾತ್ರ ಮುಗಿದಿರಲಿಲ್ಲ.

ಆ ಕಂಬ ಫಿನ್ಲೆಂಡಿನಿಂದ ಬಂತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತಾನೊಂದು ಕರ್ನಲ್ ಬರೆಯುತ್ತಿರುವುದಾಗಿ ಪ್ರಕಟಿಸಿದ. ಅದನ್ನು ಬರೆಯಲು ಅವನು ಹಿಡಿದ ಹತಾರ ಗ್ನೂನವರು ಮಾಡಿಟ್ಟಿದ್ದ ಕಂಪೈಲರ್. ಅವನು ಯೋಚಿಸಿದ್ದ ಹೆಸರು ಫ್ರೀಯಾಕ್ಸ್. ತನ್ನ ಹೆಸರನ್ನೇ ಇಡುವುದು ಜಂಭವಾದೀತು ಎಂಬ ಸಂಕೋಚ ಅವನಿಗಿತ್ತು. ಅಲ್ಲಿಯ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟ ಅರಿ ಲೆಮ್ಕೆ ಎಂಬಾತನಿಗೆ ಆ ಹೆಸರು ಹಿಡಿಸದೆ, 'ಲಿನಕ್ಸ್' ಅಂತ ಬರೆದುಬಿಟ್ಟ. ಅದೇ ನಿಂತಿತು. ಲಿನಕ್ಸ್ ಎಂಬ ಹೆಸರನ್ನು ಬಾಯಿತುಂಬ ಹೇಳುವ ಲಕ್ಷಾಂತರ ಜನರಲ್ಲಿ ಲೆಮ್ಕೆಯ ಹೆಸರು ಬಲ್ಲವರು ಎಷ್ಟು ಜನ? ಹೆಸರಿಟ್ಟವನ ಹೆಸರೇ ಮರೆತುಹೋದ ಕತೆ ಇದು.

1992ರಲ್ಲಿ ಟೋರ್ವಾಲ್ಡ್ಸ್ ತನ್ನ ಕರ್ನಲನ್ನು ಜಿಪಿಎಲ್ ಅಡಿ ಬಿಟ್ಟ. ಸ್ಟಾಲ್ಮನ್ ಬಳಗದ ಮನೆಗೆ ಟೋರ್ವಾಲ್ಡ್ಸ್ ಬಳಗದ ಕಂಬ ನಿಂತು ಪೂರ್ತಿ ಮನೆಯಾಯಿತು. ಜಗತ್ತು ಮಾತ್ರ ಕಂಬದ ಹೆಸರಿನಿಂದಲೇ ಇಡೀ ಮನೆಯನ್ನು ಕರೆಯತೊಡಗಿತು. ಇದನ್ನು ಗ್ನೂ/ಲಿನಕ್ಸ್ ಎಂದು ಕರೆಯಿರಿ, ಎರಡೂ ಹೆಸರು ಇರಲಿ ಎಂದು ಸ್ಟಾಲ್ಮನ್ ಕೇಳತೊಡಗಿದ. 1993ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಬಳಗ ಈ ಮಾತಿಗೆ ಒಪ್ಪಿ ಡೆಬಿಯನ್ ಗ್ನೂ/ಲಿನಕ್ಸ್ ಎಂದು ಕರೆದುಕೊಂಡಿತು. ಉಳಿದ ಬಹುಪಾಲು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 2001ರ 'ರೆವಲ್ಯೂಷನ್ ಓಎಸ್' ಸಾಕ್ಷ್ಯಚಿತ್ರದಲ್ಲಿ ಟೋರ್ವಾಲ್ಡ್ಸ್, ಎಲ್ಲ ಲಿನಕ್ಸನ್ನೂ ಹಾಗೆ ಕರೆಯುವುದು ಹಾಸ್ಯಾಸ್ಪದ ಎಂಬ ಅರ್ಥದಲ್ಲಿ ಮಾತಾಡಿದ.

ನಾವು ಯಾರ ಕಡೆ? ಚರಿತ್ರೆಯ ಮಟ್ಟಿಗೆ ಸ್ಟಾಲ್ಮನ್ ಹೇಳುವುದು ಸರಿ. ಗ್ನೂ ಇಲ್ಲದೆ ಲಿನಕ್ಸ್ ಬೀದಿಗೆ ಬರುತ್ತಿರಲಿಲ್ಲ. ಆದರೆ ಅವನು ಮುಂದಿಡುವ ಲೆಕ್ಕವನ್ನು ಸ್ವಲ್ಪ ನೋಡೋಣ. ತೊಂಬತ್ತರ ದಶಕದಲ್ಲಿ ಇಂಥ ತಂತ್ರಾಂಶಗಳನ್ನು ಸಿ.ಡಿ.ಯಲ್ಲಿ ತುಂಬಿ ಮಾರುತ್ತಿದ್ದವರೊಬ್ಬರು ಅಳೆದು ನೋಡಿದಾಗ ಗ್ನೂ ಪಾಲು ಶೇ. 28, ಲಿನಕ್ಸ್ ಪಾಲು ಶೇ. 3 ಬಂದಿತ್ತಂತೆ. ಸ್ಟಾಲ್ಮನ್ ಇದನ್ನು ತನ್ನ ಬರಹಗಳಲ್ಲಿ ಸಾಕ್ಷಿಯಾಗಿ ಕೊಟ್ಟಿದ್ದಾನೆ. ಸರಿಯಪ್ಪ, 28 ಮತ್ತು 3 ಸೇರಿದರೆ 31. ಉಳಿದ 69 ಯಾರದು? ಆ ಅರವತ್ತೊಂಬತ್ತು ಪಾಲಿನಲ್ಲಿ ಪರದೆಯ ಮೇಲೆ ಕಿಟಕಿ ಮೂಡಿಸುವ ವ್ಯವಸ್ಥೆ ಬರೆದವರಿದ್ದಾರೆ, ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗರಿದ್ದಾರೆ, ಹೆಸರೇ ಗೊತ್ತಿಲ್ಲದ ನೂರಾರು ಜನರಿದ್ದಾರೆ. ಇಬ್ಬರು ದೊಡ್ಡವರು ಒಂದು ಓರೆಗೆರೆಯ ಆಚೆ ಈಚೆ ನಿಂತು ಪಾಲು ಕೇಳುವಾಗ ಇವರಿಗೆ ಆ ಗೆರೆಯ ದಪ್ಪದಷ್ಟೂ ಜಾಗ ಸಿಗಲಿಲ್ಲ.

ಇದಕ್ಕೆ ಸ್ಟಾಲ್ಮನ್ ಬಳಿ ಉತ್ತರ ಇಲ್ಲದಿಲ್ಲ. ಎಲ್ಲರ ಹೆಸರನ್ನೂ ಸೇರಿಸುತ್ತ ಹೋದರೆ ಹೆಸರು ಹೇಳಲಾಗದಷ್ಟು ಉದ್ದವಾಗುತ್ತದೆ, ಹಾಗಾಗಿ ಮುಖ್ಯರಾದವರ ಹೆಸರಾದರೂ ಇರಲಿ. ಪೂರ್ತಿ ವ್ಯವಸ್ಥೆ ಕಟ್ಟಬೇಕೆಂಬ ಸಂಕಲ್ಪ ಗ್ನೂನದು ಎನ್ನುತ್ತಾನೆ. ಮುಖ್ಯರು ಯಾರು ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೂ ಅವನ ವಾದದಲ್ಲಿ ಇನ್ನೊಂದು ಎಳೆ ಇದೆ, ಅದನ್ನು ನಾವು ಬಿಡುವ ಹಾಗಿಲ್ಲ. ಗ್ನೂ ಎಂಬ ಹೆಸರಿನ ಜೊತೆ ಒಂದು ವಿಚಾರ ಅಂಟಿಕೊಂಡಿದೆ. ಬಳಸುವವನು ಯಂತ್ರದ ಯಜಮಾನನಾಗಬೇಕೇ ಹೊರತು ಕಂಪನಿಯಲ್ಲ ಎಂಬ ವಿಚಾರ. ಹೆಸರು ಅಳಿಸಿದರೆ ವಿಚಾರವೂ ಅಳಿಯುತ್ತದೆ, ಉಳಿಯುವುದು ಚೆನ್ನಾಗಿ ಓಡುವ ಒಂದು ಸಾಮಾನು ಮಾತ್ರ. ಗ್ನೂ ಎಂದು ಸೇರಿಸಿ ಹೇಳಬೇಕು ಎಂದು ನಾವು ಒಪ್ಪುವುದು ಈ ಕಾರಣಕ್ಕೆ. ಶೇಕಡಾ ಲೆಕ್ಕ ಹಿಡಿದು ಹೋದರೆ ಯಾರಿಗೂ ನ್ಯಾಯ ಸಿಗುವುದಿಲ್ಲ.

ವಿಚಾರ ಅಳಿಸುವ ಕೆಲಸ ಹೇಗೆ ನಡೆಯಿತು ಎಂಬುದಕ್ಕೆ 'ಓಪನ್ ಸೋರ್ಸ್' ಎಂಬ ಮಾತಿನ ಹುಟ್ಟನ್ನೇ ನೋಡಬಹುದು. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಬರಹವನ್ನು ತೆರೆದಿಡುವುದಾಗಿ ಹೇಳಿತು. ಫೆಬ್ರವರಿ 3ರಂದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಕೆಲವರು ಸೇರಿದರು. ಇಂಗ್ಲಿಷಿನ 'ಫ್ರೀ' ಎಂಬ ಮಾತು ವ್ಯಾಪಾರಿಗಳನ್ನು ಹೆದರಿಸುತ್ತದೆ, ಬೇರೆ ಹೆಸರು ಬೇಕು ಎಂಬ ಚರ್ಚೆ ಇತ್ತು. ಕ್ರಿಸ್ಟೀನ್ ಪೀಟರ್ಸನ್ ಎಂಬ ಹೆಂಗಸು ಆಗಲೇ 'ಓಪನ್ ಸೋರ್ಸ್' ಎಂಬ ಮಾತನ್ನು ಹೊಳೆಯಿಸಿಕೊಂಡಿದ್ದಳು. ಸಭೆಯಲ್ಲಿ ಹೇಳಲು ಆಕೆಗೆ ಹಿಂಜರಿಕೆ. ಅದು ಗೊತ್ತಿದ್ದ ಟಾಡ್ ಆಂಡರ್ಸನ್ ಎಂಬ ಗೆಳೆಯ ಪ್ರಸ್ತಾಪ ಅಂತ ಮಂಡಿಸದೆ, ಮಾತಿನ ನಡುವೆ ಆ ಪದವನ್ನು ಬಳಸಿಬಿಟ್ಟ. ಸ್ವಲ್ಪ ಹೊತ್ತಿಗೆ ಉಳಿದವರ ಬಾಯಿಗೂ ಅದು ಬಂತು. ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಅದೇ ತಿಂಗಳು ಆ ಹೆಸರಿನಲ್ಲಿ ಸಂಸ್ಥೆ ಕಟ್ಟಿದರು. ರೇಮಂಡ್ ಆಕೆಯ ಹೆಸರನ್ನು ಬಚ್ಚಿಡಲಿಲ್ಲ, ನಿಜ. ಆದರೂ ಆಕೆ ಇದನ್ನೆಲ್ಲ ಬರೆದು 2018ರಲ್ಲಿ ಪ್ರಕಟಿಸುವವರೆಗೆ ಈ ಕತೆ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಗಂಡಸರ ಸಭೆಯಲ್ಲಿ ಹೆಂಗಸಿನ ಮಾತು ಗಂಡಸಿನ ಬಾಯಿಂದ ಬಂದಾಗ ಮಾತ್ರ ಕೇಳಿಸುತ್ತದೆ ಎಂಬುದಕ್ಕೆ ಅಮೆರಿಕಕ್ಕೆ ಹೋಗಿ ಸಾಕ್ಷಿ ತರಬೇಕಾಗಿಲ್ಲ, ಆದರೆ ಸಾಕ್ಷಿ ಅಲ್ಲೂ ಇದೆ.

'ಫ್ರೀ' ಎಂಬ ಮಾತಿನ ತೊಡಕು ಇಂಗ್ಲಿಷಿನದು. ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ಅದರಲ್ಲಿ ಒಂದೇ ಪದ. ಕನ್ನಡಕ್ಕೆ ಈ ಕಷ್ಟ ಇಲ್ಲ. ನಮ್ಮಲ್ಲಿ ಸ್ವತಂತ್ರ ಬೇರೆ, ಬಿಟ್ಟಿ ಬೇರೆ. ಬಿಟ್ಟಿ ಎಂಬ ಮಾತಿಗೆ ಇನ್ನೊಂದು ನೆನಪೂ ಇದೆ. ಬಿಟ್ಟಿ ಚಾಕರಿ ಅಂದರೆ ಏನು ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಸ್ವತಂತ್ರ ತಂತ್ರಾಂಶ ಎಂದು ಹುಟ್ಟಿದ ಚಳುವಳಿಗೆ ವ್ಯಾಪಾರಿಗಳ ಮರ್ಜಿ ಹಿಡಿಯಲು ಬೇರೆ ಹೆಸರು ಇಟ್ಟಾಗ ಸ್ವತಂತ್ರ ಹಿಂದೆ ಸರಿದು ಬಿಟ್ಟಿ ಮುಂದೆ ಬಂತು. ಕಂಪನಿಗಳು ಬರಹವನ್ನು ಬಿಟ್ಟಿಯಾಗಿ ತಗೊಂಡವು. ಬರೆದವರದು ಬಿಟ್ಟಿ ಚಾಕರಿಯಾಯಿತು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಜಗತ್ತು ಬೆಚ್ಚಿತು. ಇಂಟರ್ನೆಟ್ಟಿನ ಗುಟ್ಟುಗಳನ್ನು ಕಾಯುವ ಓಪನ್ಎಸ್ಎಸ್ಎಲ್ ಎಂಬ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುವವನು ಒಬ್ಬನೇ ಇದ್ದ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಅದರ ಮೇಲೆ ಕೂತು ಕೋಟಿಗಟ್ಟಲೆ ಗಳಿಸಿದ ಕಂಪನಿಗಳಿಗೆ ಆವರೆಗೆ ಅವರ ಹೆಸರೇ ನೆನಪಿರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತ ನಮ್ಮವರು ಹೇಳುವುದು ಇದನ್ನೇ.

ಬರಹ ತೆರೆದಿರಬಹುದು, ಹೆಸರಿಗೆ ಮಾತ್ರ ಬೇಲಿ ಇದೆ. ಇದು ಈ ಲೋಕದ ದೊಡ್ಡ ಮೋಸ. 1994ರಲ್ಲಿ ಬಾಸ್ಟನ್ನಿನ ಒಬ್ಬ ವಕೀಲ 'ಲಿನಕ್ಸ್' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿ, ಅದು ಸಿಕ್ಕ ಮೇಲೆ ಆ ಹೆಸರು ಬಳಸುವ ಕಂಪನಿಗಳಿಂದ ಶೇ. 10 ಪಾಲು ಕೇಳಿದ. ಬರೆಯುವ ಕೆಲಸದಲ್ಲಿ ಅವನ ಪಾಲು ಏನೂ ಇರಲಿಲ್ಲ. ಜಗಳವಾಗಿ 1997ರಲ್ಲಿ ಹಕ್ಕು ಟೋರ್ವಾಲ್ಡ್ಸನಿಗೆ ಬಂತು. 2010ರಲ್ಲಿ ಒರಾಕಲ್ ಕಂಪನಿ ಸನ್ ಕಂಪನಿಯನ್ನು ಕೊಂಡಾಗ ಓಪನ್ ಆಫೀಸ್ ಎಂಬ ಹೆಸರೂ ಜೊತೆಗೆ ಹೋಯಿತು. ಅದನ್ನು ಬರೆದು ಬೆಳೆಸುತ್ತಿದ್ದವರಲ್ಲಿ ಬಹಳ ಜನ ಸೆಪ್ಟೆಂಬರಿನಲ್ಲಿ ಹೊರಬಂದು ಹೆಸರು ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಅವರು ಬರಹವನ್ನು ತಗೊಂಡು ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬೇಸಾಯ ಶುರು ಮಾಡಿದರು. ಲೈಸೆನ್ಸ್ ಇದ್ದದ್ದರಿಂದ ಬೀಜ ತಗೊಂಡು ಹೋಗಲು ಆಯಿತು. ಹೊಲದ ಹೆಸರು ಮಾತ್ರ ಧಣಿಯ ಹತ್ತಿರ ಉಳಿಯಿತು.

2016ರ ಮಾರ್ಚಿನಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಅಜೆರ್ ಕೊಚುಲು ಎಂಬಾತ ತನ್ನದೊಂದು ತಂತ್ರಾಂಶಕ್ಕೆ 'ಕಿಕ್' ಎಂದು ಹೆಸರಿಟ್ಟು ಎನ್‌ಪಿಎಂ ಎಂಬ ಸಾರ್ವಜನಿಕ ಕಣಜದಲ್ಲಿ ಇಟ್ಟಿದ್ದ. ಅದೇ ಹೆಸರಿನ ಕಂಪನಿಯೊಂದು ಬಂದು ಹೆಸರು ಬಿಡು ಎಂದಿತು. ಅವನು ಒಪ್ಪಲಿಲ್ಲ. ಕಣಜ ನಡೆಸುತ್ತಿದ್ದ ಕಂಪನಿ ಹೆಸರನ್ನು ಅವನಿಂದ ಕಿತ್ತು ಆ ಕಂಪನಿಗೆ ಕೊಟ್ಟಿತು. ಹಾಗಾದರೆ ನನ್ನದು ಯಾವುದೂ ಇಲ್ಲಿ ಬೇಡ ಅಂತ ಅವನು ತನ್ನ 250ಕ್ಕೂ ಹೆಚ್ಚು ತಂತ್ರಾಂಶಗಳನ್ನು ಹಿಂತೆಗೆದುಕೊಂಡ. ಅದರಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಒಂದು ಚೂರು ಇತ್ತು. ಆ ಹನ್ನೊಂದು ಸಾಲು ಇಲ್ಲದೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಕೆಲಸ ನಿಂತಿತು. ಸುಮಾರು ಎರಡು ಗಂಟೆಯಲ್ಲಿ ಕಣಜದವರು ಅವನನ್ನು ಕೇಳದೆ ಆ ಸಾಲುಗಳನ್ನು ವಾಪಸು ಇಟ್ಟರು. ಲೈಸೆನ್ಸ್ ಪ್ರಕಾರ ಅದಕ್ಕೆ ಅವಕಾಶ ಇತ್ತು. ನೀನು ಇಟ್ಟ ಹೆಸರು ನಿನ್ನದಲ್ಲ, ನೀನು ಮಾಡಿದ ಕೆಲಸವನ್ನು ಹಿಂದಕ್ಕೆ ತಗೊಳ್ಳುವಂತೆಯೂ ಇಲ್ಲ! ಕೂಲಿಯವನು ಕೆಲಸ ಬಿಟ್ಟಾಗಲೇ ಧಣಿಗೆ ಅವನ ಕೈಯ ಬೆಲೆ ಗೊತ್ತಾಗುವುದು, ಗೊತ್ತಾದ ಮೇಲೂ ಅವನನ್ನು ಕೇಳುವ ಅಭ್ಯಾಸ ಇಲ್ಲ.

ಹಾಗಾದರೆ ಹೆಸರು ಹೇಳುವುದನ್ನು ಕಾನೂನು ಮಾಡಿಬಿಡೋಣವೇ? ಇದನ್ನೂ ಮಾಡಿ ನೋಡಿದ್ದಾರೆ. ಬರ್ಕ್ಲಿ ವಿಶ್ವವಿದ್ಯಾಲಯದ ಹಳೆಯ ಲೈಸೆನ್ಸಿನಲ್ಲಿ, ಜಾಹೀರಾತು ಮಾಡುವವರು ತಮ್ಮ ಹೆಸರನ್ನು ಹೇಳಲೇಬೇಕು ಎಂಬ ಷರತ್ತು ಇತ್ತು. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ಹೆಸರು ಸೇರಿಸಿದರು. 1997ರ ಒಂದು ವ್ಯವಸ್ಥೆಯಲ್ಲಿ ಇಂಥ 75 ವಾಕ್ಯಗಳನ್ನು ಎಣಿಸಿ ತೋರಿಸಿ ಇದು ಆಗದ ಹೋಗದ ಕೆಲಸ ಎಂದು ವಾದಿಸಿದವನು ಬೇರೆ ಯಾರೂ ಅಲ್ಲ, ಸ್ಟಾಲ್ಮನ್. 1999ರ ಜುಲೈ 22ರಂದು ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ತನ್ನ ಹೆಸರು ಹೇಳಿ ಅನ್ನುವವನೇ ಇತರರ ಷರತ್ತನ್ನು ಕಿತ್ತು ಹಾಕಿಸಿದ ಎಂದು ನಗುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಗ್ನೂ ಹೆಸರನ್ನು ಅವನು ಲೈಸೆನ್ಸಿನಲ್ಲಿ ಹೇರಲಿಲ್ಲ, ಕೇಳಿದ, ವಾದಿಸಿದ. ಕೃತಜ್ಞತೆಯನ್ನು ಷರತ್ತು ಹಾಕಿ ವಸೂಲಿ ಮಾಡಿದರೆ ಅದು ಕಂದಾಯ ಆಗುತ್ತದೆ. ಅದು ಕಲಿಸಿ ಬರಬೇಕಾದ ನಡತೆ.

ನಡತೆ ಕಲಿಸುವ ವಿಧಾನವೂ ಆ ಲೋಕದಲ್ಲೇ ಇದೆ. 2004ರಿಂದ ಲಿನಕ್ಸ್ ಕರ್ನಲಿಗೆ ಸೇರುವ ಪ್ರತಿ ತಿದ್ದುಪಡಿಯ ಕೆಳಗೆ ಅದನ್ನು ಬರೆದವರು ಮತ್ತು ಕೈಯಿಂದ ಕೈಗೆ ದಾಟಿಸಿದವರು ತಮ್ಮ ಹೆಸರು ಬರೆಯಬೇಕು. ದೋಷ ಹುಡುಕಿ ತಿಳಿಸಿದವರ, ಪರೀಕ್ಷೆ ಮಾಡಿದವರ ಹೆಸರು ಬರೆಯುವ ರೂಢಿಯೂ ಇದೆ. ಕಾನೂನಿನ ತಕರಾರಿಗೆ ಹೆದರಿ ತಂದ ಕ್ರಮ ಅದು, ಆದರೂ ಒಳ್ಳೆಯ ಫಲ ಕೊಟ್ಟಿದೆ. ಮೇಲೆ ದೊಡ್ಡಕ್ಷರದ ಹೆಸರು ಏನೇ ಇರಲಿ, ಒಳಗೆ ಒಂದೊಂದು ಸಾಲಿಗೂ ಒಡೆಯರಿದ್ದಾರೆ. ಅದೇ ಮನೆಯಲ್ಲಿ 2024ರ ಅಕ್ಟೋಬರಿನಲ್ಲಿ ರಷ್ಯಾಕ್ಕೆ ಸಂಬಂಧಿಸಿದ ಹತ್ತು-ಹನ್ನೆರಡು ಜನರ ಹೆಸರನ್ನು ಮೇಲ್ವಿಚಾರಕರ ಪಟ್ಟಿಯಿಂದ ತೆಗೆದುಹಾಕಿದರು. ಅಮೆರಿಕದ ನಿರ್ಬಂಧಗಳ ಕಾನೂನೇ ಕಾರಣ ಎಂಬುದು ಆಮೇಲೆ ಹೊರಬಂತು. ಅವರು ಬರೆದ ಸಾಲುಗಳು ಉಳಿದವು, ಓಡುತ್ತಲೇ ಇವೆ. ಪಟ್ಟಿಯನ್ನು ಕಾಯುವವರ ಕೈ ಎಷ್ಟು ಉದ್ದ ಎಂದು ಆ ದಿನ ಕಂಡಿತು.

ಇದೆಲ್ಲ ದೂರದ ಮಾತು ಅನ್ನುವವರು ತಮ್ಮ ಮುಂದಿನ ಕೀಲಿಮಣೆಯನ್ನೇ ನೋಡಲಿ. ಇಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬೆರಳುಗಳು ಓಡುವ ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿದವರು ಕೆ.ಪಿ. ರಾವ್. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ ಎಲ್ಲವನ್ನೂ ಹೊಂದಿಸಿಟ್ಟ ಜಾಣ್ಮೆ ಅದು. ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಜನ ಅದನ್ನು 'ನುಡಿ ಕೀಲಿಮಣೆ' ಎನ್ನುತ್ತಾರೆ. ಲಿನಕ್ಸಿನ ಪಟ್ಟಿಯಲ್ಲಿ ಅದು 'ಕಗಪ', ಅಂದರೆ ಕನ್ನಡ ಗಣಕ ಪರಿಷತ್ತು. ಪರಿಷತ್ತು ಅದನ್ನು ನಾಡಿಗೆ ಹಬ್ಬಿಸಿದ್ದು ಸಣ್ಣ ಕೆಲಸವಲ್ಲ. ಆದರೆ ದಿನವೂ ಆ ಕೀಲಿ ಒತ್ತುವ ಟೈಪಿಸ್ಟರನ್ನು, ಮೇಷ್ಟರನ್ನು ಕೇಳಿ, ಇದನ್ನು ರೂಪಿಸಿದವರು ಯಾರು ಅಂತ. ಎಷ್ಟು ಜನ ಹೇಳುತ್ತಾರೋ ನೀವೇ ಎಣಿಸಿಕೊಳ್ಳಿ.

ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಒಂದು ಕಂಪ್ಯೂಟರ್ ಕೇಂದ್ರ ಕಟ್ಟಿದರು. ಅದಕ್ಕೆ ಅಂಬೇಡ್ಕರ್ ಹೆಸರಿಟ್ಟರು. ಅಲ್ಲಿ ಮಕ್ಕಳು ಗ್ನೂ/ಲಿನಕ್ಸ್ ಕಲಿತರು, ಗಿಂಪ್‌ನಲ್ಲಿ ಚಿತ್ರ ಬಿಡಿಸಿದರು. ಗಿಂಪನ್ನು ಬರೆದವರು ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. ಆ ಹೆಸರಿನ ಮೊದಲ ಅಕ್ಷರಕ್ಕೆ ಮೊದಲು 'ಜನರಲ್' ಎಂದು ಅರ್ಥ ಇತ್ತು. ಸ್ಟಾಲ್ಮನ್ ಒಪ್ಪಿಗೆ ಪಡೆದು 'ಗ್ನೂ' ಎಂದು ಬದಲಾಯಿಸಿಕೊಂಡರು. ಕೇಳಿ ಪಡೆದ ಹೆಸರು ಅದು, ಒಂದು ವಿಚಾರಕ್ಕೆ ನಾವೂ ಸೇರಿದವರು ಎಂದು ಹೇಳಿಕೊಂಡದ್ದು. ಅಂಬೇಡ್ಕರ್ ಹೆಸರಿನ ಕೋಣೆಯಲ್ಲಿ ಕೂತು ಆ ತಂತ್ರಾಂಶ ಹಿಡಿದ ಮಗುವಿಗೆ ಈ ಎರಡು ಹೆಸರುಗಳ ಕತೆಯನ್ನೂ ಹೇಳಿಕೊಟ್ಟರೆ ಅದು ಶಿಕ್ಷಣ. ಹೇಳದಿದ್ದರೆ ಮೌಸ್ ಹಿಡಿಯುವ ಕಸರತ್ತು ಅಷ್ಟೆ.

ಈಗ ಅಳಿಸುವ ಕೆಲಸ ಸಗಟಾಗಿ ಶುರುವಾಗಿದೆ. 2021ರಲ್ಲಿ ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್ ಕೋಪೈಲಟ್ ಎಂಬ ಯಂತ್ರವನ್ನು ಹೊರತಂದಿತು. ಲಕ್ಷಾಂತರ ಜನ ತೆರೆದಿಟ್ಟ ಬರಹಗಳನ್ನು ಓದಿಸಿ ತಯಾರು ಮಾಡಿದ ಯಂತ್ರ. ಕೇಳಿದರೆ ಬರೆದುಕೊಡುತ್ತದೆ, ಯಾರಿಂದ ಕಲಿತೆ ಎಂದರೆ ಹೇಳುವುದಿಲ್ಲ. 2022ರ ನವೆಂಬರಿನಲ್ಲಿ ಕೆಲವು ಪ್ರೋಗ್ರಾಮರುಗಳು ಅಮೆರಿಕದಲ್ಲಿ ದಾವೆ ಹೂಡಿದರು. ನಮ್ಮ ಲೈಸೆನ್ಸ್ ಕೇಳಿದ್ದು ಒಂದೇ, ಹೆಸರು ಉಳಿಸಿ ಅಂತ. ಅದನ್ನೂ ಅಳಿಸಿದಿರಿ ಎಂಬುದು ಅವರ ದೂರು. 2024ರಲ್ಲಿ ನ್ಯಾಯಾಧೀಶರು ಹೆಸರು ಅಳಿಸಿದ ಆಪಾದನೆಯನ್ನು ತಳ್ಳಿಹಾಕಿದರು. ಲೈಸೆನ್ಸ್ ಮುರಿದ ಆಪಾದನೆಯನ್ನು ಉಳಿಸಿದರು. ಕೋರ್ಟು ಏನೇ ಹೇಳಲಿ, ಸಾವಿರ ಜನರಿಂದ ಕಲಿತು ಒಬ್ಬರ ಹೆಸರನ್ನೂ ಹೇಳದಿರುವುದನ್ನು ಯಂತ್ರದ ಸ್ವಭಾವ ಎಂದು ನಾವು ಒಪ್ಪುವುದಿಲ್ಲ. ಅದು ಯಂತ್ರ ಮಾಡಿಸಿದವರ ಆಯ್ಕೆ.

ಗೆಳೆಯರೇ, ಹೆಸರು ಅನ್ನ ಕೊಡುವುದಿಲ್ಲ, ನಮಗೆ ಗೊತ್ತು. ಕೂಲಿಯ ಪ್ರಶ್ನೆ ಬೇರೆಯೇ ಇದೆ, ಅದನ್ನು ಹೆಸರಿನಿಂದ ಮುಚ್ಚಲು ಬಿಡಬಾರದು. ಆದರೆ ಹೆಸರೇ ಇಲ್ಲದವನು ಕೂಲಿ ಕೇಳಲು ಯಾವ ಬಾಗಿಲಿಗೆ ಹೋಗಬೇಕು? ಇದನ್ನು ಮಾಡಿದ್ದು ನಾನು ಎಂದು ಹೇಳಲು ಆದರೆ ತಾನೇ ನನ್ನ ಪಾಲು ಎಲ್ಲಿ ಎಂದು ಕೇಳಲು ಆಗುವುದು. ಆದ್ದರಿಂದ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟರು ಗ್ನೂ ಎಂದೂ ಹೇಳಲಿ, ಲಿನಕ್ಸ್ ಎಂದೂ ಹೇಳಲಿ, ಅಲ್ಲಿಗೇ ನಿಲ್ಲದೆ ಆ ಅರವತ್ತೊಂಬತ್ತು ಪಾಲಿನವರು ಯಾರು ಎಂದು ಮಕ್ಕಳಿಂದ ಹುಡುಕಿಸಲಿ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಹುಡುಗ ಹುಡುಗಿಯರು ಸಂಕೋಚ ಬಿಟ್ಟು ಕೆಳಗೆ ಹೆಸರು ಬರೆಯಲಿ, ಪದ ಹೇಳಿಕೊಟ್ಟ ಅಜ್ಜಿಯ ಹೆಸರಿದ್ದರೆ ಅದನ್ನೂ ಬರೆಯಲಿ. ಕಲ್ಲಿನ ಮೇಲೆ ಜಾಗ ಇಲ್ಲ ಎಂಬ ನೆಪ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಜಾಗ ಬೇಕಾದಷ್ಟಿದೆ.